ಮಣ್ಣೆತ್ತು ಮನೆಯಲ್ಲೇ ಆಗಲಿ

ಜ್ಯೇಷ್ಠ ಮಾಸದ ಅಮಾವಾಸ್ಯೆಗೆ ನಮ್ಮ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಎಂದು ಹೆಸರು. ಮುಂಗಾರಿನ ಹೊತ್ತಿಗೆ ಮಣ್ಣಿನ ಜೋಡೆತ್ತು ಮಾಡಿ ಪೂಜಿಸುವುದು ಒಕ್ಕಲು ಮನೆಗಳ ವಾಡಿಕೆ. ಈಗ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಪೇಟೆಗಳಿಗೆ ಅಚ್ಚೊತ್ತಿ ಬಣ್ಣ ಬಳಿದ ಎತ್ತುಗಳು ಬರುತ್ತವೆ; ಕೊಂಡು ತಂದರೆ ಹಬ್ಬ ಮುಗಿಯಿತು. ಎತ್ತು ಮಾಡುವುದೇ ಹಬ್ಬದ ಅರ್ಧ ಭಾಗವೆಂದು ನನ್ನ ಅಭಿಪ್ರಾಯ.

ಈ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆಸಿದಾಗ ನವಶಿಲಾಯುಗದ ದನಗಾಹಿಗಳ ನೆಲೆಯೂ ಮಣ್ಣಿನ ಪ್ರಾಣಿಗೊಂಬೆಗಳೂ ದೊರೆತವು. ಮಸ್ಕಿಯೆಂದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನವನ್ನಷ್ಟೇ ನೆನೆಯುತ್ತೇವೆ. 1954ರ ಉತ್ಖನನದಲ್ಲಿ ಅಲ್ಲಿಯೇ ಶಾಸನಕ್ಕಿಂತ ಎಷ್ಟೋ ಹಳೆಯ ಮಡಕೆ ಚೂರುಗಳು ಹೊರಬಂದವು.

ಹೇಗೆ ತೊಡಗಬೇಕು? ನಮ್ಮ ಎರೆಮಣ್ಣು ನೀರುಂಡು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಆದ್ದರಿಂದ ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ತುಸು ಸಣ್ಣ ಮರಳನ್ನೋ ಬೂದಿಯನ್ನೋ ಬೆರೆಸಬೇಕು. ಒಂದು ರಾತ್ರಿ ನೆನೆಸಿ, ರೊಟ್ಟಿಯ ಹಿಟ್ಟಿನಂತೆ ನಾದಬೇಕು. ಕೊಂಬು, ಕಾಲುಗಳನ್ನು ಕೂಡಿಸುವೆಡೆ ಕಡ್ಡಿಯಿಂದ ಗೀರಿ, ತೆಳ್ಳಗಿನ ಕೆಸರು ಸವರಿ ಒತ್ತಬೇಕು. ಒಣಗಿಸುವುದು ನೆರಳಿನಲ್ಲಿ. ಸುಡದ ಎತ್ತು ನೀರಿನಲ್ಲಿ ಕರಗಿ ಮತ್ತೆ ಮಣ್ಣಾಗುವುದರಿಂದ, ಕೆಟ್ಟರೆ ಇನ್ನೊಮ್ಮೆ ಮಾಡಬಹುದು.

ಹಾಗಾದರೆ ಕುಂಬಾರರ ಗತಿಯೇನು ಎಂದು ಕೇಳುವವರಿದ್ದಾರೆ. ಹದ ಮಾಡಿದ ಮಣ್ಣನ್ನು ಅವರಿಂದಲೇ ಬೆಲೆ ಕೊಟ್ಟು ತರೋಣ. ಒಂದು ಕೊಂಬು ನಿಲ್ಲಿಸಲು ಹೆಣಗಿದವನು ಗಡಿಗೆಯ ಬೆಲೆಗೆ ಚೌಕಾಸಿ ಮಾಡಲಾರ.

ನನ್ನಂತೆ ಮನೆತನದಲ್ಲಿ ಮೊದಲಿಗರಾಗಿ ಕಾಲೇಜು ಕಂಡವರು ನಮ್ಮಲ್ಲಿ ಅನೇಕರು. ‘ಓದಿದ ಮಗ ಮಣ್ಣು ಮುಟ್ಟಬಾರದು’ ಎಂದು ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. ಮಣ್ಣಿನಲ್ಲಿ ತಾವು ಪಟ್ಟ ಪಾಡು ಅವರಿಗೇ ಗೊತ್ತು. ಅದನ್ನೇ ನಾವು ಪ್ರತಿಷ್ಠೆ ಮಾಡಿಕೊಂಡರೆ, ಪದವಿ ನಮ್ಮನ್ನು ಅವರ ಕೈಗಳಿಂದಲೇ ದೂರ ಮಾಡಿದಂತಾಗುವುದಿಲ್ಲವೇ? ತುಂಗಭದ್ರಾ ಕಾಲುವೆಯ ಹಳ್ಳಿಗಳಲ್ಲಿ ಇಂದು ಟ್ರ್ಯಾಕ್ಟರುಗಳೇ ಹೆಚ್ಚು. ಎತ್ತಿನ ಹಿಣಿಲು ಎಲ್ಲಿ, ಕೊಂಬು ಎತ್ತ ಬಾಗುತ್ತದೆ ಎಂಬುದನ್ನು ತಮ್ಮ ತಂಗಿಯರು ಇನ್ನು ಎಲ್ಲಿ ಕಲಿಯಬೇಕು?

ಗುರುಗಳು ಒಪ್ಪಿದರೆ ಬರುವ ಅಮಾವಾಸ್ಯೆಯ ಮುನ್ನಾದಿನ ಕಾಲೇಜಿನ ಅಂಗಳದಲ್ಲೇ ತೊಡಗೋಣ. ಮೊದಲ ಎತ್ತು ಸೊಟ್ಟಗಾದೀತು; ಆದರೂ ಪೂಜೆಗೆ ಅದನ್ನೇ ಇಡೋಣ.