ಬೋರ್ಡು ಹಾಕಿದ ಕಾರು ಮತ್ತು ಒಬ್ಬ ನ್ಯಾಯಮೂರ್ತಿ

ಕಳೆದ ತಿಂಗಳು ಹುತ್ರಿದುರ್ಗ ಹತ್ತೋಣ ಅಂತ ಬೆಳಗ್ಗೆ ಐದಕ್ಕೇ ಬೆಂಗಳೂರು ಬಿಟ್ಟೆ. ಬೆಟ್ಟದ ಬುಡದಲ್ಲೇ ನಮ್ಮ ಸೋದರಮಾವನ ಊರು. ಇಳಿದು ಬಂದು ಮಾವನ ಮನೆ ಜಗುಲಿ ಮೇಲೆ ಕಾಫಿ ಕುಡೀತಾ ಕೂತಿದ್ದಾಗ ಎದುರಿಗೆ ಒಂದು ಕಾರು ಬಂದು ನಿಂತಿತು. ನಂಬರ್ ಪ್ಲೇಟಿನ ಮೇಲೆ ಕೆಂಪು ಬೋರ್ಡು, ಅದರಲ್ಲಿ ‘ಮಾನವ ಹಕ್ಕುಗಳು’ ಅಂತ ದಪ್ಪ ಅಕ್ಷರ, ಕೆಳಗೆ ‘ಜಿಲ್ಲಾಧ್ಯಕ್ಷರು’.

ವಿಷಯ ಏನಂದರೆ, ಪಕ್ಕದ ಮನೆ ಹುಡುಗನನ್ನು ಬೋರ್‌ವೆಲ್ ಕೇಬಲ್ ಕದ್ದ ಅನುಮಾನದ ಮೇಲೆ ಒಂದು ಠಾಣೆಯವರು ಎರಡು ರಾತ್ರಿ ಕೂರಿಸಿಕೊಂಡಿದ್ದರು. ಕೇಸಿಲ್ಲ, ಕಾಗದವಿಲ್ಲ. ಮೂರನೇ ದಿನ ಕುಂಟುತ್ತಾ ಮನೆಗೆ ಬಂದ. ‘ನ್ಯಾಯ ಕೊಡಿಸ್ತೀನಿ, ಮೊದಲು ಹದಿನೈದು ಸಾವಿರ ಕೊಟ್ಟು ಮೆಂಬರ್ ಆಗಿ’ ಅನ್ನೋದು ಬೋರ್ಡಿನವರ ಮಾತು.

‘ನೀನು ಓದಿದೋನು, ಇವ್ರು ನಿಜವಾಗ್ಲೂ ಗೌರ್ಮೆಂಟ್‌ನೋರಾ ಕಣಪ್ಪ?’ ಅಂತ ಮಾವ ಕೇಳಿದರು. ಅಲ್ಲ ಅಂದೆ. ‘ಹಂಗಾದ್ರೆ ಗೌರ್ಮೆಂಟಿಂದು ಯಾವ್ದು?’ ಅಂದರು. ನನ್ನ ಬಾಯಿ ಕಟ್ಟಿತು. ಅವತ್ತು ರಾತ್ರಿ ಹುಡುಕುತ್ತಾ ಕೂತಾಗ ಸಿಕ್ಕ ಹೆಸರು ಎಂ.ಎನ್. ವೆಂಕಟಾಚಲಯ್ಯ.

ಇಲ್ಲೊಂದು ಗೊಂದಲ ಬಿಡಿಸಿಬಿಡ್ತೀನಿ. ಲೋಕಾಯುಕ್ತರಾಗಿ ಆಸ್ಪತ್ರೆ, ಕಚೇರಿಗಳಿಗೆ ನುಗ್ಗಿ ನಡುಕ ಹುಟ್ಟಿಸಿದವರು ಎನ್. ವೆಂಕಟಾಚಲ, ಬೇರೆಯವರು. ನನಗೂ ಇಷ್ಟು ದಿನ ಇಬ್ಬರೂ ಒಂದೇ ಆಗಿದ್ದರು!

ಎಂ.ಎನ್. ವೆಂಕಟಾಚಲಯ್ಯ ಹುಟ್ಟಿದ್ದು 1929ರ ಅಕ್ಟೋಬರ್ 25. 1951ರಲ್ಲಿ ವಕೀಲಿ ಶುರು. 1975ರ ನವೆಂಬರ್‌ನಲ್ಲಿ, ಅಂದರೆ ತುರ್ತು ಪರಿಸ್ಥಿತಿಯ ಮಧ್ಯೆ, ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿ. 1987ರಲ್ಲಿ ಸುಪ್ರೀಂ ಕೋರ್ಟ್, 1993ರ ಫೆಬ್ರವರಿಯಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ. ನಿವೃತ್ತಿಯ ದಿನ 1994ರ ಅಕ್ಟೋಬರ್ 24. ನಮ್ಮಲ್ಲಿ ಲಾಸ್ಟ್ ವರ್ಕಿಂಗ್ ಡೇ ಅಂದ್ರೆ ಲ್ಯಾಪ್‌ಟಾಪ್ ಒಪ್ಪಿಸಿ ಕೇಕ್ ತಿನ್ನೋದು. ಅವತ್ತು ಅವರ ಪೀಠ, ಬಾಬರಿ ಮಸೀದಿ ವಿಷಯದಲ್ಲಿ ಕೋರ್ಟಿಗೆ ಕೊಟ್ಟ ಮಾತು ಉಳಿಸಿಕೊಳ್ಳದ ಉತ್ತರ ಪ್ರದೇಶದ ಮಾಜಿ ಮುಖ್ಯಮಂತ್ರಿ ಕಲ್ಯಾಣ್ ಸಿಂಗ್ ಅವರಿಗೆ ನ್ಯಾಯಾಂಗ ನಿಂದನೆಗಾಗಿ ಒಂದು ದಿನದ ಜೈಲು, 2,000 ರೂಪಾಯಿ ದಂಡ ವಿಧಿಸಿತು. ಸಾಂಕೇತಿಕ ಶಿಕ್ಷೆ, ನಿಜ. ಆದರೂ ಮುಖ್ಯಮಂತ್ರಿಯಾಗಿದ್ದವರಿಗೆ.

ಅವರು ಮುಖ್ಯ ನ್ಯಾಯಮೂರ್ತಿಯಾಗಿದ್ದಾಗಲೇ, 1993ರ ಅಕ್ಟೋಬರ್‌ನಲ್ಲಿ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹುಟ್ಟಿತು. 1996ರ ನವೆಂಬರ್‌ನಲ್ಲಿ ಅವರೇ ಅದರ ಅಧ್ಯಕ್ಷರಾದರು. (ಮುಂದೆ ನಮ್ಮವರೇ ಆದ ಎಸ್. ರಾಜೇಂದ್ರ ಬಾಬು, ಎಚ್.ಎಲ್. ದತ್ತು ಕೂಡ ಅದೇ ಕುರ್ಚಿಗೆ ಬಂದರು.) ಯೋಚನೆ ಮಾಡಿ: ನಿನ್ನೆಯವರೆಗೆ ಬರೆದದ್ದೆಲ್ಲ ಆದೇಶ. ಇಲ್ಲಿ ಬರೆದದ್ದು ಬರೀ ಶಿಫಾರಸು. ಸರ್ಕಾರ ಒಪ್ಪಬಹುದು, ಬಿಡಬಹುದು. ಹಲ್ಲಿಲ್ಲದ ಹುಲಿ ಅಂತ ಆಯೋಗವನ್ನು ಬೈಯೋದು ಸುಮ್ಮನೆ ಅಲ್ಲ.

ಆದರೆ ಅವರು 1997ರ ಮಾರ್ಚ್ 29ರಂದು ಮುಖ್ಯಮಂತ್ರಿಗಳಿಗೆ ಬರೆದ ಒಂದು ಪತ್ರ ಓದಿ ನಾನು ಅಭಿಪ್ರಾಯ ಸ್ವಲ್ಪ ಬದಲಾಯಿಸಿಕೊಂಡೆ. ವಿಷಯ ಎನ್‌ಕೌಂಟರ್. ಆಗ ನಡೀತಿದ್ದದ್ದು ಹೀಗೆ: ಪೊಲೀಸರ ಗುಂಡಿಗೆ ಒಬ್ಬ ಸತ್ತರೆ, ಸತ್ತವನ ಮೇಲೇ ಕೊಲೆ ಯತ್ನದ ಕೇಸು. ‘ಆರೋಪಿ ಸತ್ತಿದ್ದಾನೆ’ ಅಂತ ಷರಾ ಬರೆದು ಫೈಲು ಮುಚ್ಚುವುದು. ಕೊಂದದ್ದು ಸರಿಯಾ ಅನ್ನೋ ಪ್ರಶ್ನೆಯನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಬಗ್ ಬರೆದವನೇ ಟೆಸ್ಟ್ ಮಾಡಿ ಟಿಕೆಟ್ ಕ್ಲೋಸ್ ಮಾಡಿದ ಹಾಗೆ. ಪತ್ರ ಹೇಳಿದ್ದು: ಸಾವಿನ ಮಾಹಿತಿ ದಾಖಲಾಗಲಿ, ಅದೇ ಠಾಣೆಯವರು ತನಿಖೆ ಮಾಡುವುದು ಬೇಡ, ಸಿಐಡಿಯಂಥ ಬೇರೆ ಸಂಸ್ಥೆಗೆ ಕೊಡಿ. ಹದಿನೇಳು ವರ್ಷದ ಮೇಲೆ, 2014ರಲ್ಲಿ, ಸುಪ್ರೀಂ ಕೋರ್ಟ್ ಎನ್‌ಕೌಂಟರ್ ಸಾವುಗಳಿಗೆ 16 ನಿಯಮ ಹಾಕಿತು. ಬೇರೆ ಸಂಸ್ಥೆಯೇ ತನಿಖೆ ಮಾಡಬೇಕು ಅನ್ನೋದು ಅದರಲ್ಲೂ ಇದೆ.

ಇನ್ನೊಂದು ನಮ್ಮ ಮಲೆ ಮಹದೇಶ್ವರ ಬೆಟ್ಟದ ಕಡೆಯದು. ವೀರಪ್ಪನ್ ಹಿಡಿಯೋಕೆ ಹೋದ ಎರಡು ರಾಜ್ಯಗಳ ಕಾರ್ಯಪಡೆ, ಕಾಡಂಚಿನ ಹಳ್ಳಿಯವರಿಗೆ ಕೊಟ್ಟ ಹಿಂಸೆಯ ದೂರುಗಳು. 1999ರಲ್ಲಿ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. ವೆಂಕಟಾಚಲಯ್ಯನವರು ಅದೇ ಅಕ್ಟೋಬರ್‌ನಲ್ಲಿ ನಿವೃತ್ತರಾದರು. ವರದಿ ಬಂದದ್ದು 2003ರಲ್ಲಿ. 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂತ ಆಯೋಗ ಹೇಳಿದ್ದು 2007ರಲ್ಲಿ. ಸಮಿತಿಯಿಂದ ಪರಿಹಾರದ ಮಾತಿಗೆ ಎಂಟು ವರ್ಷ! ಇದನ್ನು ಗೆಲುವು ಅನ್ನಲೋ ಬೇಡವೋ, ನನಗಿನ್ನೂ ಗೊತ್ತಾಗಿಲ್ಲ. ಒಬ್ಬ ಅಧ್ಯಕ್ಷರ ಮೂರು ವರ್ಷ ಇಂಥ ಕೆಲಸಕ್ಕೆ ಸಾಲುವುದೇ ಇಲ್ಲ ಅನ್ನೋದಂತೂ ಗೊತ್ತಾಯಿತು.

ಮುಂದಿನ ಭಾನುವಾರ ಮತ್ತೆ ಊರಿಗೆ ಹೋದೆ, ಈ ಸಲ ಬೆಟ್ಟ ಹತ್ತೋಕಲ್ಲ. ಮಾವನಿಗೆ ವೆಂಕಟಾಚಲಯ್ಯನವರ ಕತೆಗಿಂತ ಬೇಕಾಗಿದ್ದದ್ದು ವಿಳಾಸ. ನಮ್ಮ ರಾಜ್ಯಕ್ಕೂ 2007ರಿಂದ ಕೆಲಸ ಮಾಡ್ತಿರೋ ಒಂದು ಆಯೋಗವಿದೆ. ಬೆಂಗಳೂರಿನ ಎಂ.ಎಸ್. ಬಿಲ್ಡಿಂಗ್‌ನಲ್ಲಿ ಕಚೇರಿ. ದೂರಿಗೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು. ರಾಜ್ಯ ಆಯೋಗದಲ್ಲಿ ಇರೋ ದೂರನ್ನು ದೆಹಲಿಯವರು ವಿಚಾರಣೆಗೆ ತಗೊಳ್ಳೋದಿಲ್ಲ, ಹಾಗಾಗಿ ಎರಡೂ ಕಡೆ ಕಳಿಸೋದ್ರಿಂದ ಲಾಭವಿಲ್ಲ. ಬಂಧಿಸಿದ ಮೇಲೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಅನ್ನೋದು ಸಂವಿಧಾನದ 22ನೇ ವಿಧಿ.

ಹುಡುಗನನ್ನು ಜಗುಲಿ ಮೇಲೆ ಕೂರಿಸಿ ಬರೆದೆವು. ಯಾವ ದಿನ, ಎಷ್ಟು ಗಂಟೆಗೆ, ಯಾರ ಎದುರಿಗೆ ಕರಕೊಂಡು ಹೋದರು, ಯಾವ ಡಾಕ್ಟರ ಹತ್ರ ತೋರಿಸಿದರು. ಎರಡು ಪುಟ ಆಯಿತು. ಸಹಿ ಹಾಕೋ ಹೊತ್ತಿಗೆ ಅವನು ಪೆನ್ನು ಕೆಳಗಿಟ್ಟ. ‘ಅಣ್ಣ, ನೀವು ಬೆಂಗಳೂರಿಗೆ ಹೋಯ್ತೀರಿ. ನಾನು ದಿನಾ ಅದೇ ಠಾಣೆ ಮುಂದೆ ಹಾಲಿನ ಕ್ಯಾನು ತಗೊಂಡು ಹೋಗ್ಬೇಕು.’

ನನ್ನ ಹತ್ರ ಉತ್ತರ ಇರಲಿಲ್ಲ. ಅವನ ಅಮ್ಮ ಒಳಗಿಂದ ಬಂದರು, ಕಾಗದವನ್ನು ಒಂದು ಸಲ ಓದಿಸಿಕೊಂಡು ಕೇಳಿದರು, ಆಮೇಲೆ ‘ದೂರು ನನ್ನೆಸರಲ್ಲಿ ಬರೀರಿ’ ಅಂದರು. ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ, ನೊಂದವರ ಪರವಾಗಿ ಬೇರೆಯವರೂ ದೂರು ಕೊಡಬಹುದು. ಮೊದಲ ಪುಟ ಹರಿದು ಮತ್ತೆ ಬರೆದೆವು. ಸೋಮವಾರ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ. ರಸೀದಿಯ ಫೋಟೋ ಮಾವನ ವಾಟ್ಸಾಪ್‌ನಲ್ಲಿದೆ.