ನಾಯಿ-ಬೆಕ್ಕಿನ ಮಳಿ

ನವಲಗುಂದದ ಎರಿಹೊಲದಾಗ ನಾಯಿ-ಬೆಕ್ಕು ಮಳಿಯಾಗಿ ಸುರಿದದ್ದನ್ನ ಯಾರೂ ಕಂಡಿಲ್ಲ. ಆದ್ರೂ ಅಲ್ಲಿನ ಹುಡುಗರಿಗೆ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಉರು ಹೊಡೆಸ್ತೀವಿ. ಇಂಟರ್‌ವ್ಯೂದಾಗ ಇಂಥವನ್ನ ಸಲೀಸಾಗಿ ಉದುರಿಸಿದವರು ಶಾಣ್ಯಾರು, ತಡವರಿಸಿದವರು ದಡ್ಡರು! ಇದ್ಯಾವ ಊರ ನ್ಯಾಯರೀ?

ನುಡಿಗಟ್ಟು ಬದುಕಿನಿಂದ ಬರ್ತದ, ಗೈಡಿನಿಂದಲ್ಲ. ಮೇ ಕೊನೆಗೆ ಮೋಡ ನೋಡಿ ‘ರೋಹಿಣಿ ಮಳಿ ಬಂದ್ರ ಓಣಿ ತುಂಬ ಜ್ವಾಳ’ ಅನ್ನೋ ರೈತನ ಒಂದೇ ಮಾತಿನಾಗ ನಕ್ಷತ್ರ, ಬಿತ್ತನೆ, ಫಸಲು ಮೂರೂ ಅದಾವ.

ನಾನು ಇಂಗ್ಲಿಷ್ ಬ್ಯಾಡ ಅಂತಿಲ್ಲ. ನೌಕರಿಗೆ ಬೇಕು, ಕಲೀರಿ. ಇಡಿಯಮ್ಮು ಕೇಳಿ ಕೇಳಿ ತಾನಾಗಿ ನಾಲಿಗೆಗೆ ಹತ್ತಲಿ. ಆದರೆ ಮೀಟಿಂಗಿಗೆ ಹತ್ತು ಸಲ ‘ಅಟ್ ದಿ ಎಂಡ್ ಆಫ್ ದಿ ಡೇ’ ಅನ್ನೋ ನಾವು, ಕುಂದಗೋಳದ ಹುಡುಗಿ ನೆಟ್ಟಗೆ ‘ಫೈನಲಿ’ ಅಂದ್ರ ಮೂಗು ಮುರೀಬಾರದು. ಅರ್ಥ ಆತಲ್ಲ? ಮಾರ್ಕ್ಸು ಅದಕ್ಕ ಕೊಡ್ರಿ.