ಕಾವಲು ಹಡಗು: ಬೆಲೆಯೂ ಬಾಳಿಕೆಯೂ

ಸಮುದ್ರವನ್ನು ಕಾಣಬೇಕಾದರೆ ನಾಗಸಂದ್ರದವರು ಘಟ್ಟವನ್ನಿಳಿದು ಮಂಗಳೂರನ್ನೋ ಕಾರವಾರವನ್ನೋ ಸೇರಬೇಕು. ಆದರೂ ನೆರೆಯ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಯುದ್ಧನೌಕೆಗಳಿಗೆ ರೇಡಾರುಗಳನ್ನು ಒದಗಿಸುತ್ತಿರುವಾಗ ಹಡಗಿನ ಮಾತು ನಮಗೆ ಸಂಬಂಧಪಟ್ಟುದಲ್ಲವೆನ್ನಲಾಗದು. ಹಿಂದೂ ಮಹಾಸಾಗರದ ಸಣ್ಣ ರಾಷ್ಟ್ರಗಳು ಕಾವಲು ಹಡಗುಗಳಿಗಾಗಿ ಇಂದು ಭಾರತದ ಕಡೆಗೆ ನೋಡುತ್ತಿವೆ. ಅವುಗಳಿಗೆ ಎಂತಹ ಹಡಗು ತಕ್ಕದ್ದೆಂಬ ಪ್ರಶ್ನೆಯು ನಮ್ಮದೂ ಆಗಿದೆ.

ಸೆಷೆಲ್ಸ್ ದ್ವೀಪಗಳ ಜನಸಂಖ್ಯೆಯು ಒಂದು ಲಕ್ಷದ ಆಸುಪಾಸು. ಅವರು ಕಾಯಬೇಕಾದ ಸಮುದ್ರವೋ 13 ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕದ್ದು. ಕದ್ದು ಮೀನು ಹಿಡಿಯುವವರು, ಕಡಲುಗಳ್ಳರು, ಮಾದಕದ್ರವ್ಯ ಸಾಗಿಸುವವರು, ಇವರೇ ಅವರ ನಿತ್ಯದ ಶತ್ರುಗಳು. ಇವರನ್ನು ತಡೆಯಲು ಕ್ಷಿಪಣಿಗಳು ಬೇಕಿಲ್ಲ; ಬಹುದಿನ ಕಡಲಿನ ಮೇಲೆ ನಿಲ್ಲಬಲ್ಲ ಹಡಗು ಬೇಕು. ಒಂದು ಹಡಗು ಸದಾ ಕಾವಲಿನಲ್ಲಿರಬೇಕಾದರೆ ಮೂರಿರಬೇಕೆಂಬುದು ನಾವಿಕರ ಹಳೆಯ ಲೆಕ್ಕ: ಒಂದು ಕಡಲಿನಲ್ಲಿ, ಒಂದು ದುರಸ್ತಿಯಲ್ಲಿ, ಒಂದು ಸಿದ್ಧತೆಯಲ್ಲಿ. ಆದುದರಿಂದ ವೈಭವದ ಒಂದಕ್ಕಿಂತ ಒಂದೇ ಮಾದರಿಯ ಸಾಧಾರಣವಾದ ಮೂರು ಮೇಲು. ವೇಗದ ಮೋಹವೂ ಬೊಕ್ಕಸಕ್ಕೆ ಮಾರಕವಾದುದು. ಹಡಗಿನ ವೇಗವನ್ನು ಇಮ್ಮಡಿಗೊಳಿಸಬೇಕಾದರೆ ಎಂಜಿನ್ನಿನ ಶಕ್ತಿಯು ಸುಮಾರು ಎಂಟುಮಡಿಯಾಗಬೇಕಾಗುತ್ತದೆ. ಆ ಎಣ್ಣೆಯ ಖರ್ಚನ್ನು ಪ್ರತಿವರ್ಷವೂ ತೆರುವವನು ಬಡ ಪ್ರಜೆ.

ಕಲ್ಕತ್ತೆಯ ಗಾರ್ಡನ್ ರೀಚ್ ಕಾರ್ಖಾನೆಯವರು ಮಾರಿಷಸ್ಸಿಗೆ ಕಟ್ಟಿಕೊಟ್ಟು 2015ರಲ್ಲಿ ಸೇವೆಗೆ ಸೇರಿದ ಬಾರಾಕುಡಾ ನೌಕೆಯು ಈ ದೃಷ್ಟಿಯಿಂದ ವಿವೇಕದ ಆಯ್ಕೆ. ಉದ್ದವು 74 ಮೀಟರು, ವೇಗವು 22 ನಾಟುಗಳು, ಬೆಲೆಯು ಸುಮಾರು 5 ಕೋಟಿ 85 ಲಕ್ಷ ಡಾಲರು. ಸಿಂಹಳದವರಿಗಾದರೋ ಅಮೆರಿಕೆಯಿಂದ 2018ರಲ್ಲಿ ಹಸ್ತಾಂತರವಾದ ಹಡಗು 1968ರಷ್ಟು ಹಳೆಯದು; ಡೀಸೆಲ್ ಎಂಜಿನ್ನುಗಳ ಜೊತೆಗೆ ಗ್ಯಾಸ್ ಟರ್ಬೈನುಗಳನ್ನೂ ಸಾಕಬೇಕಾದಂತಹುದು. ಧರ್ಮಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆಂಬ ಗಾದೆಯು ಹಡಗಿಗೆ ಸಲ್ಲದು. ಅದರ ಹಲ್ಲನ್ನು ಎಣಿಸಲೇಬೇಕು, ಮೇವಿನ ಲೆಕ್ಕವನ್ನೂ ಹಾಕಬೇಕು.

ನಮ್ಮ ನಾಡಿನ ಚರಿತ್ರೆಯಲ್ಲಿಯೂ ದೃಷ್ಟಾಂತವುಂಟು. 1780ರಲ್ಲಿ ಅಡ್ಮಿರಲ್ ಹ್ಯೂಸನು ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ನಾಶಪಡಿಸಿದನು. 1796ರಲ್ಲಿ ಟಿಪ್ಪುಸುಲ್ತಾನನು ಸುಮಾರು 40 ಹಡಗುಗಳನ್ನು ಕಟ್ಟಲು ಆಜ್ಞಾಪಿಸಿದನು. ಅವುಗಳಲ್ಲಿ ಅರ್ಧದಷ್ಟು ಅರವತ್ತಕ್ಕೂ ಹೆಚ್ಚು ಫಿರಂಗಿಗಳ ಮಹಾನೌಕೆಗಳು. 1799ರಲ್ಲಿ ಶ್ರೀರಂಗಪಟ್ಟಣವು ಬೀಳುವ ವೇಳೆಗೆ ಆ ನೌಕಾಬಲವು ಸಿದ್ಧವಾಗಿರಲಿಲ್ಲ. ಆತನ ದೂರದೃಷ್ಟಿಯನ್ನು ನಾವು ಹಳಿಯುವುದಿಲ್ಲ. ಕರಾವಳಿಯ ವ್ಯಾಪಾರವನ್ನು ಕಾಯುವ ಸಣ್ಣ ಹಡಗುಗಳಿಂದ ಆರಂಭಿಸಿದ್ದರೆ ಕೆಲವಾದರೂ ನೀರಿಗಿಳಿಯುತ್ತಿದ್ದುವೆಂಬುದು ನಮ್ಮ ಅಭಿಪ್ರಾಯ.

ಕಾವಲು ಹಡಗಿನಷ್ಟೇ ಅಗತ್ಯವಾದುವು ಸಹಾಯಕ ನೌಕೆಗಳು. ಎಣ್ಣೆ, ನೀರು, ಬಿಡಿಭಾಗಗಳನ್ನು ಹೊತ್ತೊಯ್ಯುವ ಮತ್ತು ಕೆಟ್ಟುನಿಂತುದನ್ನು ಎಳೆದು ತರುವ ಈ ದುಡಿಮೆಗಾರರನ್ನು ಮೆರವಣಿಗೆಯಲ್ಲಿ ಯಾರೂ ನೋಡುವುದಿಲ್ಲ. ಇವುಗಳನ್ನು ಕಟ್ಟುವ ಸಾಮರ್ಥ್ಯವು ನಮ್ಮ ಕರಾವಳಿಯಲ್ಲಿಯೇ ಇದೆ. ಉಡುಪಿಯ ಮಲ್ಪೆಯಲ್ಲಿ ದಿವಾಳಿಯಾಗಿದ್ದ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿಯ ಸರಕಾರಿ ಹಡಗು ಕಾರ್ಖಾನೆಯವರು ವಹಿಸಿಕೊಂಡು ಟಗ್ ದೋಣಿಗಳನ್ನು ಕಟ್ಟಿದ್ದಾರೆ. ನಾರ್ವೆಯ ಕಂಪನಿಯೊಂದರಿಂದ ಸರಕುಹಡಗುಗಳ ಬೇಡಿಕೆಯನ್ನೂ ಪಡೆದಿದ್ದಾರೆ.

ಭಾರತ ಸರಕಾರದವರು ನೆರೆಯ ದೇಶಗಳಿಗೆ ಹಡಗನ್ನು ಕೊಡುವಾಗ ಹತ್ತು ವರ್ಷಗಳ ಬಿಡಿಭಾಗಗಳನ್ನೂ ಕುಶಲ ಕೆಲಸಗಾರರ ಶಿಕ್ಷಣವನ್ನೂ ಒಪ್ಪಂದದಲ್ಲಿಯೇ ಸೇರಿಸತಕ್ಕದ್ದು. ಸಹಾಯಕ ನೌಕೆಗಳ ಟೆಂಡರು ಕರೆಯುವಾಗ ಮಲ್ಪೆಯನ್ನು ಮರೆಯಬಾರದೆಂದು ಕರ್ನಾಟಕದ ಪಾರ್ಲಿಮೆಂಟ್ ಸದಸ್ಯರು ದೆಹಲಿಯಲ್ಲಿ ಒತ್ತಾಯಪಡಿಸಬೇಕು.